ಮನೆಗೆ ಮರಳಿದ ಮಗುವಿನ ಲೆಕ್ಕ

ಕೋವಿಡ್ ಹಾವಳಿಯ 2020ರಲ್ಲಿ ದೇಶದ ಮಕ್ಕಳ ಪಾಲನಾ ಸಂಸ್ಥೆಗಳು ಬಹುಪಾಲು ಬರಿದಾದವು. ಕರ್ನಾಟಕವೂ ಸೇರಿದಂತೆ ಎಂಟು ರಾಜ್ಯಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಆ ಸೆಪ್ಟೆಂಬರಿನಲ್ಲಿ ಪತ್ರ ಬರೆದು, 100 ದಿನಗಳೊಳಗೆ ಮಕ್ಕಳನ್ನು ಕುಟುಂಬಗಳಿಗೆ ಸೇರಿಸಲು ಸೂಚಿಸಿತು. ಸಂಸ್ಥೆಗಳಲ್ಲಿದ್ದ 2,27,518 ಮಕ್ಕಳ ಪೈಕಿ 1,45,788 ಮಂದಿ ಮನೆ ಸೇರಿದ್ದಾರೆಂಬ ಅಂಕಿ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಬಡ ಕುಟುಂಬಗಳಿಗೆ ಮಗುವಿನ ಓದಿಗಾಗಿ ತಿಂಗಳಿಗೆ 2,000 ರೂಪಾಯಿ ನೀಡಬೇಕೆಂದು ನ್ಯಾಯಾಲಯ ಆದೇಶಿಸಿದ್ದು ಉಚಿತವೇ. ಆದರೆ ಈ ಅಂಕಿ ಹೊಸ್ತಿಲು ದಾಟಿದವರ ಎಣಿಕೆ ಮಾತ್ರ. ಹಿಂಸೆಯ ಕಾರಣದಿಂದ ಮನೆ ಬಿಟ್ಟಿದ್ದ ಮಗು ಅದೇ ಮನೆಯಲ್ಲಿ ಮತ್ತೆ ಹಿಂಸೆಗೆ ಗುರಿಯಾಯಿತೇ ಎಂಬುದನ್ನು ಅದು ಹೇಳದು. ಪೋಷಕತ್ವ ಯೋಜನೆಯಡಿ ಬೇರೊಂದು ಕುಟುಂಬದಲ್ಲಿದ್ದು ಹೊರಬಂದ ಮಗುವಿನ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಇದೇ.

ಅಮೆರಿಕದ ಕೇಂದ್ರ ಸರ್ಕಾರ ತನ್ನ ರಾಜ್ಯಗಳನ್ನು ಪರಿಶೀಲಿಸುವಾಗ ಇದನ್ನು ಕೇಳುತ್ತದೆ: ಹಿಂಸೆ ದೃಢಪಟ್ಟ ಮಕ್ಕಳಲ್ಲಿ 12 ತಿಂಗಳೊಳಗೆ ಎಷ್ಟು ಮಂದಿಗೆ ಅದು ಮರುಕಳಿಸಿತು? ಮನೆಗೆ ಮರಳಿದವರಲ್ಲಿ ಅಷ್ಟೇ ಅವಧಿಯಲ್ಲಿ ಎಷ್ಟು ಮಂದಿ ಪಾಲನೆಗೆ ಹಿಂದಿರುಗಿದರು? ಈ ಎರಡನ್ನೂ ಜೋಡಿಸಿ, ಮಗು ಹೊರಟ ದಿನದಿಂದಲೇ ಎಣಿಕೆ ಆರಂಭಿಸುವುದು ನಮಗೂ ಅಸಾಧ್ಯವಲ್ಲ.

ಆದರೆ ದೂರು ಬಂದಿಲ್ಲ, ಆದ್ದರಿಂದ ಹಿಂಸೆಯಿಲ್ಲ ಎಂದು ತೀರ್ಮಾನಿಸುವುದು ತರ್ಕದೋಷ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದರೂ ಒಂದು ನಿಬಂಧನೆಯನ್ನಿಟ್ಟರು: ಇದ್ದಿದ್ದರೆ ಕಾಣಲೇಬೇಕಾದ ಸ್ಥಿತಿಯಲ್ಲಿ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿ. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ಯಾರೂ ಭೇಟಿ ನೀಡದ ಮನೆ ಅಂಥ ಕತ್ತಲೆಯ ಕೋಣೆ. ಆದ್ದರಿಂದ ಕಡತದಲ್ಲಿ ಸೊನ್ನೆ ಬರೆಯುವವರು ಎಷ್ಟು ಮನೆಗಳಿಗೆ ಹೋಗಿದ್ದೆವೆಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ಪ್ರಾಮಾಣಿಕವಾಗಿ ಹುಡುಕುವ ಜಿಲ್ಲೆಯಲ್ಲಿ ಹಿಂಸೆ ಹೆಚ್ಚಾಗಿಯೇ ಕಾಣುತ್ತದೆ. ಅದಕ್ಕಾಗಿ ಅದನ್ನು ದಂಡಿಸಲಾಗದು. ಇನ್ನು ಯಾವ ಮಗುವನ್ನೂ ಮನೆಗೆ ಕಳಿಸದೆ ವರ್ಷಗಟ್ಟಲೆ ಇಟ್ಟುಕೊಳ್ಳುವ ಸಂಸ್ಥೆಯ ಲೆಕ್ಕದಲ್ಲಿ ಮರುಕಳಿಕೆ ಸದಾ ಸೊನ್ನೆ!

ನಮ್ಮ ಕೆ.ಜಿ.ಎಫ್. ಮತ್ತು ಬಂಗಾರಪೇಟೆಗಳಲ್ಲಿ ಈ ಕತ್ತಲೆ ದಟ್ಟವಾಗಲು ಕಾರಣಗಳುಂಟು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ತರುವಾಯ ಮಾರಿಕುಪ್ಪಂ, ಚಾಂಪಿಯನ್ ರೀಫ್, ಉರಿಗಾಂ ಕಡೆಯ ಸಾವಿರಾರು ಮಂದಿ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಹಗಲು ಬಂದ ಅಧಿಕಾರಿಗೆ ಸಿಗುವುದು ಅಜ್ಜಿ, ಇಲ್ಲವೇ ಬಾಗಿಲ ಬೀಗ. ಹಲವರ ನೆಂಟಸ್ತಿಕೆ ಗಡಿಯಾಚೆಯ ವೇಲೂರು, ಚಿತ್ತೂರು, ಕೃಷ್ಣಗಿರಿಗಳಲ್ಲಿದೆ; ಮಗುವನ್ನು ಚಿಕ್ಕಮ್ಮನ ಮನೆಗೆ ಕಳಿಸಿದರೆ ಕೋಲಾರದ ಕಡತ ಅದನ್ನು ಹಿಂಬಾಲಿಸುವುದು ಕಷ್ಟ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಒಮ್ಮೆ ಸಿಕ್ಕಿ, ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಮನೆ ಸೇರಿದ ಬಾಲಕ ಮತ್ತೆ ಓಡಿ ಜೋಲಾರ್‌ಪೇಟೆಯಲ್ಲಿ ಸಿಕ್ಕನೆನ್ನಿ. ಅಲ್ಲಿ ಅವನು ಹೊಸ ಪ್ರಕರಣವಾಗಿಬಿಡಬಹುದು.

2015ರ ಬಾಲನ್ಯಾಯ ಕಾಯಿದೆಯಡಿ ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ ಇರಬೇಕು. ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವಿಗೂ ಅವಕಾಶವಿದೆ. ಹಣ ಸಂದದ್ದು ಬ್ಯಾಂಕಿನ ಪುಸ್ತಕದಲ್ಲಿ ಕಾಣುತ್ತದೆ. ಮಗುವಿನ ಬೆನ್ನ ಮೇಲಿನ ಬಾಸುಂಡೆ ಕಾಣದು.

ಮತ್ತಾಯನ ಶುಭಸಂದೇಶದಲ್ಲಿ ಸಂತ ಜೋಸೆಫರು ಬಾಲಯೇಸುವನ್ನು ಈಜಿಪ್ಟಿನಿಂದ ಕರೆತರುವ ಪ್ರಸಂಗವನ್ನು ನೆನೆಯಿರಿ. ಹೆರೋದನು ಸತ್ತನೆಂಬ ಸುದ್ದಿಯಷ್ಟೇ ಅವರಿಗೆ ಸಾಲಲಿಲ್ಲ. ಜುದೇಯದಲ್ಲಿ ಅವನ ಮಗನೇ ಆಳುತ್ತಿರುವನೆಂದು ತಿಳಿದು, ಅಲ್ಲಿಗೆ ಹೋಗಲಂಜಿ ಗಲಿಲೇಯಕ್ಕೆ ತಿರುಗಿದರು. ಮಗುವನ್ನು ಮನೆಗೊಪ್ಪಿಸುವ ಮುನ್ನ ಅಲ್ಲಿ ಈಗ ಯಾರ ಆಳ್ವಿಕೆಯೆಂದು ವಿಚಾರಿಸುವುದು ನಮ್ಮ ಕನ್ಯಾಸ್ತ್ರೀಯರು ನಡೆಸುವ ನಿಲಯಗಳಿಗೂ ಅನ್ವಯಿಸುವ ಮಾತು.

ಅನುಸರಣೆಯ ಮಾದರಿಗೆ ನಾವು ದೂರ ಹೋಗಬೇಕಿಲ್ಲ. ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಮುಂದಿನ ಸಂಗತಿಗಳಿಗೆಂದು ಜಾಗ ಬಿಟ್ಟಿರುತ್ತೇವೆ. ಮಾರಿಕುಪ್ಪಂನಲ್ಲಿ ಜ್ಞಾನಸ್ನಾನ ಪಡೆದವರ ವಿವಾಹ ಮುಂಬಯಿಯಲ್ಲಿ ನಡೆದರೂ ಅದರ ಸೂಚನೆ ಮೂಲ ಪುಸ್ತಕಕ್ಕೆ ಬರಬೇಕೆಂಬುದು ಧರ್ಮಸಭೆಯ ನಿಯಮ. ನಮ್ಮ ನಿಲಯಗಳು ಹೊರಹೋದ ಪ್ರತಿ ಮಗುವಿನ ಹೆಸರಿನ ಮುಂದೆ ಅಂಥದೇ ಜಾಗ ಬಿಡಲಿ. ಮೂರು, ಆರು, ಹನ್ನೆರಡು ತಿಂಗಳಿಗೊಮ್ಮೆ, ದುಡಿಯುವವರು ಮನೆಯಲ್ಲಿರುವ ಭಾನುವಾರವೇ ಹೋಗಿ, ಮಗುವನ್ನು ಪ್ರತ್ಯೇಕವಾಗಿ ಮಾತನಾಡಿಸಿ ಕಂಡದ್ದನ್ನು ಬರೆಯಲಿ. ಹಿಂಸೆಯ ಸುಳಿವು ಸಿಕ್ಕರೆ 1098ಕ್ಕೆ ತಿಳಿಸಲಿ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯಿದೆಯಂತೆ ವರದಿ ಮಾಡುವುದು ಕಡ್ಡಾಯ. ಗುರುಗಳಿಗೂ ಅದರಿಂದ ವಿನಾಯಿತಿಯಿಲ್ಲ.