ಗ್ರಾಮೀಣ ವಿದ್ಯಾರ್ಥಿ ಮತ್ತು ಇಂಗ್ಲಿಷ್ ಶಬ್ದಸಂಪತ್ತು

ಇಂಗ್ಲಿಷ್ ಶಿಕ್ಷಣದ ವಿಚಾರ ಬಂದಾಗಲೆಲ್ಲ ಕನ್ನಡನಾಡಿನಲ್ಲಿ ಮಾಧ್ಯಮದ ಪ್ರಶ್ನೆಯೇ ಮುಂದೆ ಬರುವುದು ವಾಡಿಕೆಯಾಗಿದೆ. 1981ರ ಗೋಕಾಕ್ ವರದಿ, ಅದರ ಬೆನ್ನಿಗೆ ನಡೆದ ಚಳವಳಿ, ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು 2007ರಲ್ಲಿ ಆದ ಏರ್ಪಾಡು, ಮಾಧ್ಯಮದ ಆಯ್ಕೆಯನ್ನು ಪೋಷಕರಿಗೆ ಬಿಟ್ಟುಕೊಟ್ಟ 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಇವುಗಳ ಸುತ್ತ ನಡೆದಿರುವ ವಾದವಿವಾದಗಳು ಅಪಾರ. ಆದರೆ ತರಗತಿಯ ನಾಲ್ಕು ಗೋಡೆಗಳ ನಡುವೆ ಒಂದು ಇಂಗ್ಲಿಷ್ ಶಬ್ದವನ್ನು ಹಳ್ಳಿಯ ಹುಡುಗನಿಗೆ ಹೇಗೆ ಕಲಿಸಬೇಕು, ಅದರ ಅರ್ಥ ಅವನ ಮನಸ್ಸಿನಲ್ಲಿ ಹೇಗೆ ನೆಲೆಗೊಳ್ಳಬೇಕು ಎಂಬ ಪ್ರಶ್ನೆಯ ಕಡೆಗೆ ವಿದ್ವಾಂಸರ ಗಮನವೂ ಸಮಾಜದ ಗಮನವೂ ಅಷ್ಟಾಗಿ ಹರಿದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಸಾವಿರಾರು ಮಕ್ಕಳ ಮುಂದಿನ ಬಾಳು ನಿಂತಿರುವುದು ಬಹುಮಟ್ಟಿಗೆ ಈ ಸಣ್ಣ ಪ್ರಶ್ನೆಯ ಮೇಲೆಯೇ.

ಇಂದು ರೂಢಿಯಲ್ಲಿರುವ ಕ್ರಮ ಎಲ್ಲರಿಗೂ ತಿಳಿದದ್ದೇ. ಪಾಠದ ಕೊನೆಯಲ್ಲಿ ಕಠಿಣ ಶಬ್ದಗಳ ಪಟ್ಟಿಯೊಂದನ್ನು ಕಪ್ಪುಹಲಗೆಯ ಮೇಲೆ ಬರೆಯಲಾಗುತ್ತದೆ. ಎಡಗಡೆ ಶಬ್ದ, ಬಲಗಡೆ ಅರ್ಥ. ಮಕ್ಕಳು ಅದನ್ನು 'ವರ್ಡ್ ಮೀನಿಂಗ್' ಪುಸ್ತಕಕ್ಕೆ ಇಳಿಸಿಕೊಂಡು, ಐದು ಬಾರಿಯೋ ಹತ್ತು ಬಾರಿಯೋ ಬರೆದು, ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಪರೀಕ್ಷೆಯ ಕೈಪಿಡಿಗಳಲ್ಲಿ ಬಲಗಡೆಯ ಅರ್ಥವೂ ಇಂಗ್ಲಿಷಿನಲ್ಲಿಯೇ ಇರುವುದುಂಟು. 'ಅಬಂಡನ್' ಎಂದರೇನು ಎಂದು ಕೇಳಿದರೆ 'ಫೋರ್‌ಸೇಕ್' ಎಂಬ ಉತ್ತರ ಥಟ್ಟನೆ ಬರುತ್ತದೆ. ಹಾಗೆಂದರೇನು ಎಂದು ಮತ್ತೆ ಕೇಳಿದರೆ ಮೌನವೇ ಉತ್ತರ. ಒಂದು ಅಪರಿಚಿತ ಶಬ್ದವಿದ್ದ ಕಡೆ ಎರಡು ಅಪರಿಚಿತ ಶಬ್ದಗಳಾದುವು, ಅಷ್ಟೆ. ತಿಳಿಯದುದನ್ನು ತಿಳಿಯದುದರಿಂದ ವಿವರಿಸುವ ಈ ಪದ್ಧತಿಗೆ ಅಂಕಗಳು ದೊರೆಯಬಹುದು, ಅರಿವು ದೊರೆಯಲಾರದು.

ಇದರ ಫಲ ಸ್ಪಷ್ಟವಾಗಿ ಕಾಣುವುದು ಹತ್ತನೆಯ ತರಗತಿ ಮುಗಿದ ಮೇಲೆ. ಕನ್ನಡ ಮಾಧ್ಯಮದಲ್ಲಿ ಓದಿ ಎಸ್.ಎಸ್.ಎಲ್.ಸಿ.ಯಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿ ಪಿ.ಯು.ಸಿ. ವಿಜ್ಞಾನ ವಿಭಾಗಕ್ಕೆ ಸೇರಿದೊಡನೆ ಬೋಧನೆಯೆಲ್ಲವೂ ಇಂಗ್ಲಿಷಿಗೆ ತಿರುಗುತ್ತದೆ. 'ಮೊಮೆಂಟಮ್', 'ಡೆನ್ಸಿಟಿ', 'ರಿಫ್ರಾಕ್ಷನ್' ಎಂಬ ಶಬ್ದಗಳು ಅವನ ಕಿವಿಯ ಮೇಲೆ ಬೀಳುತ್ತವೆ. ಸಂವೇಗವೆಂದರೇನು, ಸಾಂದ್ರತೆಯೆಂದರೇನು, ವಕ್ರೀಭವನ ಹೇಗಾಗುತ್ತದೆ ಎಂಬುದನ್ನು ಅವನು ಹಿಂದಿನ ವರ್ಷಗಳಲ್ಲಿಯೇ ಚೆನ್ನಾಗಿ ಅರಿತಿದ್ದಾನೆ. ವಿಷಯ ಅವನದೇ ಆಗಿದ್ದರೂ ಹೆಸರು ಪರರದಾದುದರಿಂದ ತನಗೆ ಏನೂ ಬಾರದೆಂದು ಅವನು ನಂಬಿಬಿಡುತ್ತಾನೆ. ಹೊಲದ ಬದುವಿನಲ್ಲಿ ಪುಸ್ತಕ ಹಿಡಿದು ಓದಿ ಬಂದ ಜಾಣ ಹುಡುಗಿಯೊಬ್ಬಳು ತರಗತಿಯ ಹಿಂದಿನ ಬೆಂಚಿನಲ್ಲಿ ಮೂಕಳಾಗಿ ಕುಳಿತುಬಿಡುವುದು ಬುದ್ಧಿಯ ಕೊರತೆಯಿಂದಲ್ಲ. ಅವಳ ಬಳಿ ಇರುವ ಅರಿವಿಗೂ ಅವಳ ಮುಂದಿರುವ ಶಬ್ದಕ್ಕೂ ನಡುವೆ ಯಾರೂ ಸೇತುವೆಯನ್ನು ಕಟ್ಟಿಕೊಡದಿರುವುದರಿಂದ.

ಆ ಸೇತುವೆ ಕನ್ನಡವೇ ಆಗಿರಬೇಕು. ಇದು ಭಾಷಾಭಿಮಾನದ ಮಾತಲ್ಲ, ಬೋಧನೆಯ ಅನುಕೂಲದ ಮಾತು. ದೊಡ್ಡದೊಂದು ಪರಭಾಷೆಯನ್ನು ಕನ್ನಡದ ಮೂಲಕ ಕಲಿಯುವುದು ಈ ನಾಡಿಗೆ ಹೊಸದೂ ಅಲ್ಲ. ಎಂಟು ಶತಮಾನಗಳಿಗೂ ಹಿಂದೆ ಇಮ್ಮಡಿ ನಾಗವರ್ಮನು 'ಅಭಿಧಾನವಸ್ತುಕೋಶ'ವನ್ನು ರಚಿಸಿ ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥವನ್ನು ಒದಗಿಸಿದನು. ರೆವರೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷನ್ನು ಬೋಧಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಸಂಕಲನದಿಂದ ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನು ತೋರಿದರು. ಇಂಗ್ಲಿಷನ್ನು ಆಳವಾಗಿ ಬಲ್ಲವರು ಕನ್ನಡವನ್ನೂ ಆಳವಾಗಿ ಬಲ್ಲವರಾಗಿದ್ದರು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

ಕಂಠಪಾಠವನ್ನು ಒಟ್ಟಾಗಿ ಹಳಿಯುವುದು ಇಂದಿನ ಒಂದು ರೂಢಿ. ಅದೂ ಸರಿಯಲ್ಲ. ಹಿಂದಿನ ಪಾಠಶಾಲೆಗಳಲ್ಲಿ ಬಾಲಕರು ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದರು. ಆದರೆ ಅಮರಸಿಂಹನು ಶಬ್ದಗಳನ್ನು ಅಕಾರಾದಿಯಾಗಿ ಸುರಿಯಲಿಲ್ಲ. ಸ್ವರ್ಗ, ಭೂಮಿ, ಊರು, ಬೆಟ್ಟ, ಗಿಡಮೂಲಿಕೆ ಎಂದು ವರ್ಗಗಳನ್ನಾಗಿ ವಿಂಗಡಿಸಿ, ಛಂದಸ್ಸಿನಲ್ಲಿ ಬಂಧಿಸಿ, ಒಂದು ಶಬ್ದ ಮತ್ತೊಂದನ್ನು ಕೈಹಿಡಿದು ತರುವಂತೆ ಜೋಡಿಸಿದನು. ಇಂದಿನ ಪಟ್ಟಿಗಳಲ್ಲಿ ಈ ಕಟ್ಟುಪಾಡಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಶಬ್ದಗಳು ಒಂದೇ ದಿನ ಬಂದು, ವಾರದ ಪರೀಕ್ಷೆಯ ಮರುದಿನವೇ ಹೊರಟುಹೋಗುತ್ತವೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ 1885ರಷ್ಟು ಹಿಂದೆಯೇ ನೆನಪಿನ ಬಗ್ಗೆ ಪ್ರಯೋಗಗಳನ್ನು ನಡೆಸಿ, ಕಲಿತದ್ದರ ಬಹುಭಾಗ ಬೇಗನೆ ಮರೆತುಹೋಗುವುದನ್ನೂ, ಒಂದೇ ಬಾರಿಗೆ ಗಟ್ಟಿಮಾಡುವುದಕ್ಕಿಂತ ಬಿಡುವು ಕೊಟ್ಟು ಮರಳಿ ಓದುವುದರಿಂದ ಹೆಚ್ಚು ಪ್ರಯೋಜನವಾಗುವುದನ್ನೂ ತೋರಿಸಿದನು. ಆದುದರಿಂದ ದೋಷ ಕಂಠಪಾಠದ್ದಲ್ಲ, ಕ್ರಮವಿಲ್ಲದ ಕಂಠಪಾಠದ್ದು.

ಕ್ರಮವೆಂದರೆ ಹೇಗಿರಬೇಕು? ಕನ್ನಡ ವ್ಯಾಕರಣ ಪಾಠದಲ್ಲಿಯೇ ಅದರ ಬೀಜವಿದೆ. 'ಒಯ್ಯು, ತರು' ಎಂಬ ಅರ್ಥದ 'ಹೃ' ಧಾತುವಿನಿಂದಾದ 'ಹಾರ' ಎಂಬ ರೂಪಕ್ಕೆ ಉಪಸರ್ಗಗಳು ಸೇರಿ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂಬ ಶಬ್ದಗಳು ಹುಟ್ಟುವುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗೆ ಸುಲಭವಾಗಿ ತೋರಿಸಬಹುದು. ಲ್ಯಾಟಿನ್ ಭಾಷೆಯಲ್ಲಿ 'ಹೊರು, ಒಯ್ಯು' ಎಂಬ ಅರ್ಥವುಳ್ಳ ಮೂಲದಿಂದ ಇಂಗ್ಲಿಷಿಗೆ ಬಂದ 'ಪೋರ್ಟ್' ಎಂಬ ಅಂಶವೂ ಹೀಗೆಯೇ. ಒಳಕ್ಕೆ ತರುವುದು 'ಇಂಪೋರ್ಟ್', ಹೊರಕ್ಕೆ ಒಯ್ಯುವುದು 'ಎಕ್ಸ್‌ಪೋರ್ಟ್', ಆಚೆಗೆ ಸಾಗಿಸುವುದು 'ಟ್ರಾನ್ಸ್‌ಪೋರ್ಟ್', ಹೊತ್ತೊಯ್ಯಲು ಬರುವಂತಹುದು 'ಪೋರ್ಟಬಲ್'. ಒಂದು ಮೂಲವನ್ನು ಹಿಡಿದರೆ ಒಂದು ಕುಟುಂಬವೇ ಮನೆಗೆ ಬರುತ್ತದೆ. ಜೀವಶಾಸ್ತ್ರದ 'ಫೋಟೋಸಿಂಥೆಸಿಸ್' ಎಂಬ ಭಾರವಾದ ಶಬ್ದವನ್ನೇ ನೋಡಬಹುದು. 'ಫೋಟೋ' ಎಂದರೆ ಬೆಳಕು, 'ಸಿಂಥೆಸಿಸ್' ಎಂದರೆ ಕೂಡಿಸುವುದು. ಕನ್ನಡ ಪಠ್ಯಪುಸ್ತಕದ 'ದ್ಯುತಿಸಂಶ್ಲೇಷಣೆ'ಯಲ್ಲಿ ದ್ಯುತಿಯೆಂದರೆ ಬೆಳಕು, ಸಂಶ್ಲೇಷಣೆಯೆಂದರೆ ಕೂಡಿಸುವುದು. ಅಂಗಾಂಗಗಳು ಒಂದೊಂದಾಗಿ ಹೊಂದುತ್ತವೆ. ಇದನ್ನು ಒಮ್ಮೆ ಬಿಡಿಸಿ ತೋರಿಸಿದ ಮೇಲೆ ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಬಾಂಧವ್ಯವನ್ನು ಎತ್ತಿ ತೋರಿಸಿದರು. ಕನ್ನಡವು ದ್ರಾವಿಡ ಭಾಷೆಯಾದರೂ ತತ್ಸಮಗಳ ಮೂಲಕ ಆ ಬಾಂಧವ್ಯದ ಲಾಭ ಅದಕ್ಕೂ ದೊರೆತಿದೆ. ದಂತಕ್ಕೂ 'ಡೆಂಟಲ್'ಗೂ, ಪಾದಕ್ಕೂ 'ಪೆಡಲ್'ಗೂ, ಮಾತೃವಿಗೂ 'ಮೆಟರ್ನಲ್'ಗೂ ಇರುವ ನಂಟನ್ನು ಶಿಕ್ಷಕರು ಹೇಳಿದರೆ ಮಕ್ಕಳ ಕಣ್ಣುಗಳು ಅರಳುತ್ತವೆ. ದ್ರಾವಿಡ ಭಾಷೆಗಳೂ ಇಂಗ್ಲಿಷಿಗೆ ಶಬ್ದಗಳನ್ನು ಕೊಟ್ಟಿವೆ. ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡಿನಲ್ಲಿ ಬೆಳೆಯುವ ತೇಗಕ್ಕೆ ಇಂಗ್ಲಿಷರು ಹೇಳುವ 'ಟೀಕ್' ಎಂಬ ಹೆಸರು ಪೋರ್ಚುಗೀಸರ ಬಾಯಿಂದ ಅವರಿಗೆ ತಲುಪಿದ ದಕ್ಷಿಣ ಭಾರತದ ಶಬ್ದವೇ. ಅನ್ಯವೆಂದು ಅಂಜಿದ ಭಾಷೆಯಲ್ಲಿ ತನ್ನ ಕಾಡಿನ ಮರವೊಂದನ್ನು ಕಂಡ ಮಗು ಆ ಭಾಷೆಗೆ ಮತ್ತೆ ಅಂಜುವುದಿಲ್ಲ.

ಒಂದು ಶಬ್ದಕ್ಕೆ ಒಂದೇ ಅರ್ಥವೆಂಬ ಭ್ರಮೆಯನ್ನು ಬೆಳೆಸುವುದು ಪಟ್ಟಿಯ ಮತ್ತೊಂದು ದೋಷ. ಈ ನಾಲ್ಕು ತಾಲ್ಲೂಕುಗಳ ರೈತರ ಮನೆಗಳಲ್ಲಿಯೇ ಅದಕ್ಕೆ ಉತ್ತರವಿದೆ. ವರ್ಜೀನಿಯಾ ಹೊಗೆಸೊಪ್ಪಿನ ಬೇಸಾಯದೊಂದಿಗೆ ಹಲವಾರು ಇಂಗ್ಲಿಷ್ ಶಬ್ದಗಳು ಹಳ್ಳಿಗಳನ್ನು ಹೊಕ್ಕಿವೆ. ಕರ್ನಾಟಕದಲ್ಲಿ 1984ರಲ್ಲಿ ತಂಬಾಕು ಮಂಡಳಿಯ ಹರಾಜು ಪ್ರಾರಂಭವಾದ ಮೇಲಂತೂ ಬ್ಯಾರನ್, ಬೇಲ್, ಗ್ರೇಡ್, ಪ್ಲಾಟ್‌ಫಾರಂ ಎಂಬುವು ಅಕ್ಷರ ಬಾರದವರ ಬಾಯಲ್ಲಿಯೂ ನಲಿದಾಡುತ್ತಿವೆ. 'ಕ್ಯೂರ್' ಎಂದರೆ ರೋಗವನ್ನು ಗುಣಪಡಿಸುವುದು ಎಂದು ಪುಸ್ತಕ ಹೇಳುತ್ತದೆ. ಬ್ಯಾರನ್ನಿನಲ್ಲಿ ಸೌದೆಯ ಉರಿಯನ್ನು ಕೊಳವೆಗಳಲ್ಲಿ ಹಾಯಿಸಿ ಎಲೆಯನ್ನು ಹದಗೊಳಿಸುವುದಕ್ಕೂ ಅದೇ ಶಬ್ದ. 'ಬ್ರೈಟ್' ಎಂಬುದು ಜಾಣ ವಿದ್ಯಾರ್ಥಿಗೂ ಸಲ್ಲುತ್ತದೆ, ಹರಾಜಿನಲ್ಲಿ ಒಳ್ಳೆಯ ಬೆಲೆ ತರುವ ಹೊಂಬಣ್ಣದ ಎಲೆಗೂ ಸಲ್ಲುತ್ತದೆ. 'ಬಾರ್ನ್' ಶಬ್ದಕ್ಕೆ ನಿಘಂಟು ಕಣಜವೆಂದೋ ಕೊಟ್ಟಿಗೆಯೆಂದೋ ಅರ್ಥ ಹೇಳಿದರೆ, ಪಿರಿಯಾಪಟ್ಟಣದ ಹುಡುಗನಿಗೆ ಅದು ರಾತ್ರಿಯೆಲ್ಲ ತಂದೆ ತಾಯಿಗಳು ಉರಿ ಕಾಯುವ ಮನೆ. ಹೀಗಿರುವಾಗ ಶಬ್ದದ ಅರ್ಥ ವಾಕ್ಯದಲ್ಲಿದೆ, ಸಂದರ್ಭದಲ್ಲಿದೆ ಎಂಬ ತತ್ತ್ವವನ್ನು ಕಲಿಸಲು ಇವರಿಗೆ ದೂರದ ಉದಾಹರಣೆಗಳು ಬೇಕಾಗಿಲ್ಲ. ಮೊಬೈಲ್ ಫೋನಿನಲ್ಲಿ ಕ್ಷಣಾರ್ಧದಲ್ಲಿ ಅರ್ಥ ದೊರೆಯುವ ಈ ಕಾಲದಲ್ಲಿ ಹಲವು ಅರ್ಥಗಳೊಳಗೆ ಸರಿಯಾದುದನ್ನು ಆರಿಸುವ ವಿವೇಕವೇ ನಿಜವಾದ ವಿದ್ಯೆ. ಬ್ಯಾಂಕಿನ ಸಾಲಪತ್ರವನ್ನೋ ವಿಮೆಯ ಕರಾರನ್ನೋ ಓದಿ ಮನೆಯವರಿಗೆ ತಿಳಿಸಬೇಕಾದ ಮಗ ಒಂದು ಶಬ್ದವನ್ನು ತಪ್ಪಾಗಿ ಅರ್ಥಮಾಡಿಕೊಂಡರೆ ಕಳೆಯುವುದು ಅಂಕವಲ್ಲ, ಜಮೀನು.

ಇನ್ನು ಯಾವ ಶಬ್ದಗಳನ್ನು ಕಲಿಸಬೇಕು ಎಂಬ ವಿಚಾರ. ಅಪರೂಪದ ಶಬ್ದಗಳೇ ಉನ್ನತ ಶಬ್ದಗಳೆಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಢಾಕಾದಲ್ಲಿ ಶಿಕ್ಷಕರ ತರಬೇತಿಯಲ್ಲಿ ತೊಡಗಿದ್ದು ಬಂಗಾಳದ ಮಕ್ಕಳ ಓದನ್ನು ಕಣ್ಣಾರೆ ಕಂಡ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2000 ಶಬ್ದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸಾಮಾನ್ಯ ಇಂಗ್ಲಿಷ್ ಬರಹದ ಮುಕ್ಕಾಲು ಪಾಲು ಇಷ್ಟರಲ್ಲಿಯೇ ಅಡಗಿದೆ. ನ್ಯೂಜಿಲೆಂಡಿನ ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ವಿದ್ವತ್ ಶಬ್ದಗಳ ಪಟ್ಟಿಯಲ್ಲಿ ಇರುವುದು 570 ಶಬ್ದಕುಟುಂಬಗಳು ಮಾತ್ರ. 'ಅನಲೈಸ್', 'ಅಸ್ಯೂಮ್', 'ಎವಿಡೆಂಟ್', 'ಸಿಗ್ನಿಫಿಕೆಂಟ್' ಮುಂತಾದ ಈ ಶಬ್ದಗಳು ವಿಜ್ಞಾನ, ಕಾನೂನು, ವಾಣಿಜ್ಯವೆಂಬ ಭೇದವಿಲ್ಲದೆ ಎಲ್ಲ ಗ್ರಂಥಗಳಲ್ಲಿಯೂ ಮರಳಿ ಮರಳಿ ಬರುತ್ತವೆ. ಮೊದಲಿನ ಪಟ್ಟಿ ಬುನಾದಿ, ಎರಡನೆಯದು ಅದರ ಮೇಲಿನ ಗೋಡೆ. ಇವೆರಡನ್ನೂ ಬಿಟ್ಟು ಶಿಖರಕ್ಕೆ ಕಳಶವಿಡಲು ಹೊರಡುವುದು ಜಾಣತನವಲ್ಲ. ಮೈಸೂರಿನಲ್ಲಿದ್ದುಕೊಂಡು, 1935ರಲ್ಲಿ ಮೊದಲ ಕಾದಂಬರಿಯನ್ನು ಪ್ರಕಟಿಸಿ, ಲೋಕವಿಖ್ಯಾತರಾದ ಆರ್.ಕೆ. ನಾರಾಯಣ್ ಅವರ ಇಂಗ್ಲಿಷ್ ಸರಳ ಶಬ್ದಗಳದೇ ಆಗಿತ್ತು. ಹನ್ನೆರಡನೆಯ ಶತಮಾನದ ಶರಣರು ಅತ್ಯುನ್ನತವಾದ ಅನುಭಾವವನ್ನು ಜನರಾಡುವ ನುಡಿಯಲ್ಲಿ ಹೇಳಿದುದನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು.

ಪ್ರತಿಪಕ್ಷದ ವಾದವನ್ನೂ ಪರಿಶೀಲಿಸಬೇಕು. ಇಂಗ್ಲಿಷ್ ತರಗತಿಯಲ್ಲಿ ಕನ್ನಡವನ್ನು ಬಳಸಿದರೆ ಮಕ್ಕಳು ಇಂಗ್ಲಿಷಿನಲ್ಲಿ ಯೋಚಿಸುವುದನ್ನೇ ಕಲಿಯುವುದಿಲ್ಲವೆಂದು ಕೆಲವರು ಹೇಳುತ್ತಾರೆ. ಪ್ರತಿ ವಾಕ್ಯವನ್ನೂ ಭಾಷಾಂತರಿಸುತ್ತ ಹೋಗುವ ಪಾಠಕ್ಕೆ ಈ ಆಕ್ಷೇಪ ಸಲ್ಲುತ್ತದೆ. ಕನ್ನಡ ಬಾಗಿಲಾಗಬೇಕೇ ಹೊರತು ಬೇಲಿಯಾಗಬಾರದು. ಅರ್ಥ ತಿಳಿದ ಮೇಲೆ ಆ ಶಬ್ದವನ್ನು ಇಂಗ್ಲಿಷ್ ವಾಕ್ಯಗಳಲ್ಲಿ ಬಳಸುವ ಅಭ್ಯಾಸ ಇಂಗ್ಲಿಷಿನಲ್ಲಿಯೇ ನಡೆಯಬೇಕು. ಮತ್ತೊಂದು ಮಾತು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಹಾಡಿಗಳಿಂದ ಬರುವ ಜೇನುಕುರುಬ ಮೊದಲಾದ ಸಮುದಾಯಗಳ ಮಕ್ಕಳಿಗೆ ಕನ್ನಡದ ಪಠ್ಯಭಾಷೆಯೇ ಮನೆಮಾತಿಗಿಂತ ಬೇರೆ. ಅವರಿಗೆ ಸೇತುವೆಯ ಎರಡು ಕಮಾನುಗಳು ಬೇಕು. ಅಂತಹವರ ನುಡಿಯಲ್ಲಿ ಒಂದು ಗಿಡದ, ಹಕ್ಕಿಯ, ಜೇನಿನ ಹೆಸರನ್ನು ಕೇಳಿ ತಿಳಿದು, ಕನ್ನಡ ಮತ್ತು ಇಂಗ್ಲಿಷ್ ಹೆಸರುಗಳನ್ನು ಅದರ ಪಕ್ಕದಲ್ಲಿ ಬರೆಯುವ ಶಿಕ್ಷಕರು ಆ ಮಗುವಿಗೆ ಮೂರು ಭಾಷೆಗಳ ಜೊತೆಗೆ ಸ್ವಾಭಿಮಾನವನ್ನೂ ಕಲಿಸಿದಂತಾಗುತ್ತದೆ.

ಇದಕ್ಕೆಲ್ಲ ಹೆಚ್ಚಿನ ಹಣ ಬೇಕಾಗಿಲ್ಲ. ದಿನಕ್ಕೆ ಐದು ಶಬ್ದಗಳು ಸಾಕು. ಅವನ್ನು ಮರುದಿನ, ಮರುವಾರ, ಮರುತಿಂಗಳು ಮತ್ತೆ ನೆನಪಿಗೆ ತರಿಸಬೇಕು. ವಿದ್ಯಾರ್ಥಿಯ ಪುಸ್ತಕದಲ್ಲಿ ಎರಡು ಅಂಕಣಗಳ ಬದಲು ನಾಲ್ಕಿರಲಿ: ಶಬ್ದ, ಕನ್ನಡದ ಅರ್ಥ, ಅದರ ಕುಟುಂಬದ ಇತರ ಶಬ್ದಗಳು, ಮತ್ತು ವಿದ್ಯಾರ್ಥಿ ತಾನೇ ರಚಿಸಿದ ಒಂದು ವಾಕ್ಯ. ನಾಲ್ಕನೆಯ ಅಂಕಣವನ್ನು ಕೈಪಿಡಿಯಿಂದ ನಕಲು ಮಾಡಲಾಗುವುದಿಲ್ಲ. ಅದನ್ನು ತಾಳ್ಮೆಯಿಂದ ತಿದ್ದುವ ಶಿಕ್ಷಕರ ಶ್ರಮವೇ ಈ ಕ್ರಮದ ಜೀವಾಳ.

ನಿಘಂಟು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಬೀಗದೊಳಗೆ ಇರುವ ವಸ್ತುವಾಗಬಾರದು, ಮಕ್ಕಳ ಕೈಗಳಲ್ಲಿ ಸವೆಯಬೇಕು. ಶಾಲೆಗಳಿಗೆ ಕೊಠಡಿ, ಮಹಾದ್ವಾರ, ಗಡಿಯಾರಗಳನ್ನು ಭಕ್ತಿಯಿಂದ ನೀಡುತ್ತ ಬಂದಿರುವ ದಾನಿಗಳು ಪ್ರತಿ ತರಗತಿಗೂ ಹತ್ತು ಇಂಗ್ಲಿಷ್-ಕನ್ನಡ ನಿಘಂಟುಗಳನ್ನು ಒದಗಿಸಿದರೆ ಅದು ಕಲ್ಲಿನ ಮೇಲೆ ಹೆಸರು ಕೊರೆಸಿದುದಕ್ಕಿಂತ ದೀರ್ಘಕಾಲ ನಿಲ್ಲುವ ದಾಸೋಹವಾಗುತ್ತದೆ. ವೈದ್ಯರಾಗಿ, ಇಂಜಿನಿಯರರಾಗಿ, ವಕೀಲರಾಗಿ ಹೊರನಾಡುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ಗಂಟೆಯ ಕಾಲ ತರಗತಿಯಲ್ಲಿ ಕುಳಿತು, ತಮ್ಮ ವೃತ್ತಿಯ ಹತ್ತು ಶಬ್ದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅದಕ್ಕಿಂತ ಮಿಗಿಲಾದ ಗುರುಕಾಣಿಕೆ ಬೇರೊಂದಿರಲಾರದು. ಕನ್ನಡವನ್ನು ಬಿಟ್ಟು ಇಂಗ್ಲಿಷನ್ನು ಪಡೆಯಬೇಕೆಂಬ ಚಿಂತೆ ಪೋಷಕರಿಗೂ ಬೇಡ, ಇಂಗ್ಲಿಷನ್ನು ಕಲಿತರೆ ಕನ್ನಡವನ್ನು ಕಳೆದುಕೊಳ್ಳುವೆವೆಂಬ ಅಂಜಿಕೆಯೂ ಬೇಡ. ಒಂದನ್ನು ಚೆನ್ನಾಗಿ ಬಲ್ಲವನ ಕೈಗೆ ಮತ್ತೊಂದು ತಾನಾಗಿಯೇ ಎಟುಕುತ್ತದೆ. ಹಾಗೆ ಎಟುಕಿಸಿಕೊಡುವ ಹೊಣೆ ಮಾತ್ರ ಹಿರಿಯರದು.