ಗಂಟೆ ಗಣಪನ ಊರಿಂದ ಒಂದು ರೀಸ್ಟಾರ್ಟ್

ರಜೆಗೆ ಚಂದಗುಳಿಗೆ ಬಂದಿದ್ದೆ. ಹರಕೆ ಫಲಿಸಿದರೆ ಗಂಟೆ ಕಟ್ಟೋ ಗಣಪತಿಯ ಊರು. ರಾತ್ರಿ ಆಫೀಸಿಂದ ಫೋನು: ಅಪಾಚೆ ಮೇಲೇಳ್ತಿಲ್ಲ, ಯಾರಿಗೂ ಲಾಗಿನ್ ಇಲ್ಲ. ರೀಸ್ಟಾರ್ಟ್ ಮಾಡಿದ್ದು ಹೊಸ ಹುಡುಗ. ‘ಏನು ಮುಟ್ಟಿದೆ?’ ಅಂತ ನಾನೂ ಬೈದೆ.

ಸಿಗ್ನಲ್ ಸಿಗೋ ಅಂಗಳದ ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತೆ. ಕಾನ್ಫಿಗ್‌ಟೆಸ್ಟ್ ‘ಸಿಂಟ್ಯಾಕ್ಸ್ ಓಕೆ’ ಅಂದಿತು. ಅದು ನೋಡೋದು ವ್ಯಾಕರಣ ಮಾತ್ರ ತಾನೇ! ನಿಜ ಇದ್ದದ್ದು ಎರರ್ ಲಾಗ್‌ನಲ್ಲಿ: ಮಾಡ್_ಎಲ್‌ಡ್ಯಾಪ್ ಇಲ್ಲ. ಪಾಸ್‌ವರ್ಡ್ ಪರೀಕ್ಷಿಸುವ ಮಾಡ್_ಆಥ್‌ಎನ್‌ಝಡ್_ಎಲ್‌ಡ್ಯಾಪ್ ಅದಿಲ್ಲದೆ ಸರ್ವರನ್ನೇ ಏಳಲು ಬಿಡೋದಿಲ್ಲ. ಅದನ್ನು ಲೋಡ್ ಮಾಡೋ ಸಾಲಿಗೆ ಯಾರೋ ಹ್ಯಾಶ್ ಹಾಕಿದ್ದರು. ಓಡ್ತಿರೋ ಅಪಾಚೆ ಹಳೇ ಕಾನ್ಫಿಗ್‌ನಲ್ಲೇ ಇರುತ್ತೆ, ರೀಸ್ಟಾರ್ಟ್ ತನಕ ತಪ್ಪು ಕಾಣಲ್ಲ.

ಹ್ಯಾಶ್ ತೆಗೆದೆ, ಎದ್ದಿತು. ಗಿಟ್ ತೆರೆದೆ. ಆ ಹ್ಯಾಶ್ ಹಾಕಿದ್ದು ಹೋದ ವಾರ, ನಾನೇ.

ಹುಡುಗನಿಗೆ ಫೋನ್ ಮಾಡಿದೆ. ಎತ್ತಲಿಲ್ಲ.