ಕಾಲುವೆ ಬಂದ ಮೇಲಿನ ಶ್ರೀಶೈಲದ ದಾರಿ

ಯುಗಾದಿ ಸಮೀಪಿಸಿದಂತೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಊರುಗಳಿಂದ ಕಂಬಿ, ಅಂದರೆ ಕಾವಡಿ ಹೊತ್ತವರು ಶ್ರೀಶೈಲಕ್ಕೆ ಹೊರಡುತ್ತಾರೆ. ದಢೇಸುಗೂರಿನ ಸೇತುವೆ ದಾಟಿದವರಿಗೆ ಮುಂದೆ ಸಿರುಗುಪ್ಪ, ಆದವಾನಿ, ಕರ್ನೂಲು, ಆತ್ಮಕೂರು. ಆಮೇಲೆ ನಲ್ಲಮಲದ ಕಾಡು. ಸೇತುವೆಯ ಕೆಳಗಿನ ತುಂಗಭದ್ರೆಯೂ ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಕೂಡಿಕೊಂಡು ಅದೇ ಬೆಟ್ಟದ ಬುಡ ಸೇರುತ್ತದೆ.

ಈ ಏರುದಾರಿಗೆ ಬಹಳ ವಯಸ್ಸಾಗಿದೆ. ಉಡುತಡಿ ಬಿಟ್ಟು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿ ಕೊನೆಗೆ ನಡೆದದ್ದು ಅತ್ತಲೇ. ಹದಿನಾಲ್ಕನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ; ವಿಜಯನಗರದ ಎರಡನೇ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲು ಹಾಕಿಸಿದಳು. ಕಾಡಿನೊಳಗೆ ಯಾತ್ರಿಕರಿಗೆ ಕಾವಲಾಗಿ ನಡೆದವರು ಅಲ್ಲಿನ ಬುಡಕಟ್ಟಿನವರಾದ ಚೆಂಚುಗಳು. ಬೆಟ್ಟದ ದೇವರು ಮಲ್ಲಯ್ಯ ಅವರಿಗೆ ಅಳಿಯ, ಅವನ ಮಡದಿ ಭ್ರಮರಾಂಬೆ ನಮಗೆ ಮನೆಮಗಳು. ಸೀರೆ, ಕುಪ್ಪಸ, ಅರಿಶಿನ ಕಟ್ಟಿಕೊಂಡು ಇಲ್ಲಿಂದ ಹೋಗುವವರು ತವರಿನವರಾಗಿಯೇ ಹೋಗುತ್ತಾರೆ. ಕಂಪನಿ ಸರ್ಕಾರ ಯಾತ್ರಿಕರ ಮೇಲೆ ತೆರಿಗೆ ಹಾಕಿದಾಗಲೂ ಈ ನಡಿಗೆ ನಿಲ್ಲಲಿಲ್ಲ.

ನಮ್ಮ ಕಡೆ ಈ ನಡಿಗೆಯನ್ನು ನಿಜವಾಗಿ ಬದಲಿಸಿದ್ದು ಕಾಲುವೆ ಎಂದೇ ನಮ್ಮ ಎಣಿಕೆ. ಮಳೆ ನಂಬಿದ ಎರೆಹೊಲದಲ್ಲಿ ಬಿಳಿಜೋಳ, ಕಡಲೆ ಕಣಕ್ಕೆ ಬಂದು, ರಾಶಿಯಾಗಿ, ಹಗೇವು ತುಂಬಿದ ಮೇಲೆ ಯುಗಾದಿಯವರೆಗೆ ಕೈ ಬಿಡುವಾಗಿರುತ್ತಿತ್ತು. ಆ ಬಿಡುವೇ ಯಾತ್ರೆಯ ಬಂಡವಾಳ. ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ ಮನೆ ಬಾಗಿಲಿನಿಂದಲೇ ನಡೆಯುತ್ತಿದ್ದರು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿಯಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು. ಬಡತನ ತೊಲಗುತ್ತದೆ ಎಂಬ ಮಾತು ಬಹುಪಾಲು ನಿಜವಾಯಿತು, ಕಾಲುವೆಯ ಕೊನೆಯಂಚಿನವರ ಪಾಲಿಗೆ ಅರ್ಧವೇ ಆದರೂ. ಆದರೆ ಬೇಸಿಗೆ ಭತ್ತ ಯುಗಾದಿಯ ಹೊತ್ತಿಗೆ ಇನ್ನೂ ಗದ್ದೆಯಲ್ಲೇ ನಿಂತಿರುತ್ತದೆ. ನೀರು ಕಟ್ಟುವುದನ್ನು ಬಿಟ್ಟು ವಾರಗಟ್ಟಲೆ ನಡೆಯುವುದು ಯಾರಿಗೆ ಸಾಧ್ಯ? ಹಾಗಾಗಿ ಅನೇಕರು ವಾಹನ ಹಿಡಿದು ಕಾಡಿನ ಅಂಚಿನ ವೆಂಕಟಾಪುರದವರೆಗೆ ಹೋಗಿ, ಅಲ್ಲಿಂದ ಮಾತ್ರ ನಡೆಯುತ್ತಾರೆ. ಅದನ್ನು ಭಕ್ತಿಯ ಕೊರತೆ ಎನ್ನಲು ಮನಸ್ಸಾಗುವುದಿಲ್ಲ.

ಅತ್ತ ಬೆಟ್ಟವೂ ಬದಲಾಯಿತು. ಘಾಟಿ ರಸ್ತೆ ಬಂತು, ಬಸ್ಸು ದೇಗುಲದ ಬಳಿಗೇ ಬಂತು. 1963ರಲ್ಲಿ ನೆಹರು ಅಡಿಗಲ್ಲಿಟ್ಟ ಶ್ರೀಶೈಲಂ ಅಣೆಕಟ್ಟೆ ಎಂಬತ್ತರ ದಶಕದ ಆರಂಭದಲ್ಲಿ ಮುಗಿದಾಗ ಕೃಷ್ಣೆಯ ದಂಡೆಯ ಊರುಗಳು ಮುಳುಗಿದವು. ಸಂಗಮೇಶ್ವರದ ಗುಡಿ ಇಂದಿಗೂ ವರ್ಷದ ಬಹುಕಾಲ ನೀರಿನೊಳಗಿರುತ್ತದೆ. ಕಾಡು ಹುಲಿ ಮೀಸಲು ಪ್ರದೇಶವಾಯಿತು. ಕಾಲುದಾರಿ ಶಿವರಾತ್ರಿ, ಯುಗಾದಿಯ ಹೊತ್ತಿಗಷ್ಟೇ ತೆರೆಯುತ್ತದೆ. ಆ ದಾರಿ ಮಾತ್ರ ಹಳೆಯದೇ: ನಾಗಲೂಟಿಯ ವೀರಭದ್ರ, ಪೆಚ್ಚೆರುವು, ಭೀಮನ ಕೊಳ್ಳ, ಕೈಲಾಸ ಬಾಗಿಲು. ಶಿಖರೇಶ್ವರದ ನೆತ್ತಿ 2,800 ಅಡಿಗಿಂತ ತುಸು ಮೇಲಷ್ಟೇ. ಆದರೆ ಬಿರುಬಿಸಿಲಲ್ಲಿ ಭೀಮನ ಕೊಳ್ಳಕ್ಕೆ ಇಳಿದು ಮತ್ತೆ ಏರುವಾಗ ಆ ಲೆಕ್ಕ ಯಾರಿಗೂ ನೆನಪಾಗದು. ಬೊಬ್ಬೆ ಎದ್ದ ಅಂಗಾಲಿಗೆ ಹಳೆ ಸೀರೆಯ ಚಿಂದಿ ಸುತ್ತಿಕೊಂಡ ಮುದುಕಿಯರು ಮೆಟ್ಟಿಲಿಗೆ ಕೈಯೂರಿ ಏರುತ್ತಾರೆ. ಮರಗಾಲು ಕಟ್ಟಿಕೊಂಡು ಹರಕೆ ತೀರಿಸುವವರೂ ಇದ್ದಾರೆ.

ದಾರಿಯುದ್ದಕ್ಕೂ ದಾಸೋಹ, ಕುಡಿಯುವ ನೀರು, ಔಷಧೋಪಚಾರ ಸಿಗುವಂತಾದದ್ದು ದೊಡ್ಡ ಗಳಿಕೆ. ಹಿಂದೆ ನೀರಿಲ್ಲದೆ ಬಳಲಿದವರ ಕಥೆ ಕೇಳಿದವರಿಗೆ ಅದರ ಬೆಲೆ ಗೊತ್ತು. ಆದರೆ ಚೆಂಚುಗಳೊಂದಿಗಿನ ಬಳಕೆ ತಪ್ಪಿತು. ಅವರ ಕಾಡಿನಲ್ಲಿ ನಾವು ಬಿಟ್ಟುಬರುವ ನೀರಿನ ಬಾಟಲಿ, ಪ್ಲಾಸ್ಟಿಕ್ ಲೋಟಗಳು ಜಿಂಕೆಯ ಹೊಟ್ಟೆ ಸೇರಬಲ್ಲವು. 2020ರ ಯುಗಾದಿಯ ದಿನವೇ ಕೊರೊನಾದಿಂದಾಗಿ ದೇಶಕ್ಕೆ ಬೀಗ ಬಿದ್ದು ದಾರಿ ಬರಿದಾಯಿತು. 2022ರ ಯುಗಾದಿಗೆ ಮುನ್ನ ಕ್ಷೇತ್ರದಲ್ಲೇ ನಮ್ಮ ಯಾತ್ರಿಕರಿಗೂ ಸ್ಥಳೀಯ ವ್ಯಾಪಾರಿಗಳಿಗೂ ಜಗಳ ಹತ್ತಿ ರಕ್ತ ಹರಿದದ್ದು ತವರುಮನೆಯವರಾದ ನಮಗೆಲ್ಲ ನೋವು ತಂದಿತು. ಎರಡೂ ರಾಜ್ಯಗಳ ಅಧಿಕಾರಿಗಳು ಯುಗಾದಿಗೆ ತಿಂಗಳ ಮೊದಲೇ ಒಟ್ಟಿಗೆ ಕುಳಿತು ನೀರು, ಶೌಚಾಲಯ, ಕಸದ ವ್ಯವಸ್ಥೆ ನಿರ್ಧರಿಸಬೇಕು. ಕಂಬಿ ಹೊರಡಿಸುವ ಊರಿನ ಹಿರಿಯರೂ ಆ ಸಭೆಯಲ್ಲಿರಬೇಕು. ಒಯ್ದ ಬಾಟಲಿಯನ್ನು ವಾಪಸು ತರುವ ಕಟ್ಟುಪಾಡನ್ನು ಕಂಬಿ ಎತ್ತುವ ದಿನ ಗುಡಿಯ ಮುಂದೆಯೇ ಹೇಳಿದರೆ ನಮ್ಮ ಜನ ಮೀರುವವರಲ್ಲ.